ಮಗ ಗಡಿಯಲ್ಲಿರುವಾಗ ಸದನದಲ್ಲಿ ಲೆಕ್ಕ ಕೇಳಬಹುದೇ?

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮದು ಆರು ಎಕರೆ ಕಾಫಿ ತೋಟ. ಮಗ ಸೇನೆಯಲ್ಲಿದ್ದಾನೆ. 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ ನಡೆದಾಗ ಅವನ ಫೋನ್ ಎಷ್ಟೋ ದಿನ ಬರಲಿಲ್ಲ. ಆಮೇಲೆ ಸೇನೆಗೆ ಸುಮಾರು ಎರಡು ಸಾವಿರ ಕೋಟಿ ರೂಪಾಯಿಯ ತುರ್ತು ಖರೀದಿ ಆಗಿದೆ, ಅದರಲ್ಲಿ ಗುಂಡುನಿರೋಧಕ ಜಾಕೆಟ್‌ಗಳೂ ಇವೆ ಎಂದು ಪತ್ರಿಕೆಯಲ್ಲಿ ಓದಿದೆ. ‘ಅವು ಹುಡುಗರ ಕೈ ಸೇರಿದವೇ ಎಂದು ನಮ್ಮ ಸಂಸದರು ಕೇಳಬೇಕು’ ಎಂದು ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಹೇಳಿದೆ. ‘ಯುದ್ಧದ ವಿಷಯದಲ್ಲಿ ಲೆಕ್ಕ ಕೇಳುವುದು ದೇಶದ್ರೋಹ’ ಎಂದು ಒಬ್ಬರು ಎಲ್ಲರ ಎದುರು ಅಂದುಬಿಟ್ಟರು. ನಾನು ಹೇಳಿದ್ದು ತಪ್ಪೇ? ಸಂಸದರಿಗೆ ಇದನ್ನು ಕೇಳುವ ಅಧಿಕಾರ ಇದೆಯೇ? ಇದ್ದರೆ ಕೇಳಿಸುವುದು ಹೇಗೆ?

ಉತ್ತರ: ತಪ್ಪಲ್ಲ ಅಮ್ಮ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮಗನನ್ನು ಗಡಿಗೆ ಕಳುಹಿಸಿ ಕುಳಿತ ತಾಯಿಯ ಮುಂದೆ ‘ದ್ರೋಹ’ ಎಂಬ ಮಾತನ್ನು ಆಡಿದ್ದು ಓದಿ ನನಗೆ ಬಹಳ ನೋವಾಯಿತು. ಮೂವತ್ತು ವರ್ಷ ಸರ್ಕಾರಿ ಲೆಕ್ಕಪರಿಶೋಧನೆಯಲ್ಲಿದ್ದು, ನಿವೃತ್ತನಾಗಿ ಈಗ ಚಿಕ್ಕಮಗಳೂರಿನಲ್ಲಿ ನೆಲೆಸಿದ್ದೇನೆ. ಸೇನೆಗೆ ಸಾಮಗ್ರಿ ಕೊಂಡ ಕಡತಗಳನ್ನು ಕೈಯಾರೆ ತಿರುವಿದವನು. ಯುದ್ಧದ ಗಡಿಬಿಡಿಯಲ್ಲಿ ಲೆಕ್ಕ ಕೇಳುವವರು ಇಲ್ಲವಾದರೆ ಮೊದಲು ಪೆಟ್ಟು ಬೀಳುವುದು ಸೈನಿಕನಿಗೆ. ಇದನ್ನು ಕಣ್ಣಾರೆ ಕಂಡು ಹೇಳುತ್ತಿದ್ದೇನೆ.

ನಿಮ್ಮ ತೋಟದ್ದೇ ಮಾತು ತೆಗೆದುಕೊಳ್ಳಿ. ಜನವರಿಯ ಕೊಯ್ಲು. ಬಯಲುಸೀಮೆಯಿಂದ ಹೆಚ್ಚಿನ ಆಳುಗಳು ಬಂದಿದ್ದಾರೆ, ಕಣದಲ್ಲಿ ಹಣ್ಣು ಹರಡಿದೆ, ಅಕಾಲದಲ್ಲಿ ಮೋಡ ಕಟ್ಟಿದೆ. ಕೈಕಾಲು ಆಡದಂಥ ಆ ಸಂಜೆ ನೀವು ಚೆಕ್‌ರೋಲ್ ಬರೆಯುವುದನ್ನು ಬಿಡುತ್ತೀರಾ? ಬಿಡುವುದಿಲ್ಲ. ಯಾರು ಬಂದರು, ಎಷ್ಟು ಕಿಲೋ ಕೊಯ್ದರು, ಮುಂಗಡ ಎಷ್ಟು ಕೊಟ್ಟಿರಿ, ಎಲ್ಲವನ್ನೂ ಟಾರ್ಚ್ ಬೆಳಕಿನಲ್ಲಾದರೂ ಬರೆದಿಡುತ್ತೀರಿ. ಬಟವಾಡೆಯ ದಿನ ತಕರಾರು ಹುಟ್ಟುವುದು ಬರೆಯದೆ ಬಿಟ್ಟ ಆ ಒಂದು ದಿನದ ಬಗ್ಗೆಯೇ ಎಂಬುದು ನಿಮಗೆ ಗೊತ್ತು. ಕೊಯ್ಲು ಮುಗಿಯಲಿ, ಆಮೇಲೆ ಲೆಕ್ಕ ನೋಡೋಣ ಎಂದ ತೋಟದ ಗತಿ ಏನಾಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಅಧಿಕಾರದ ಪ್ರಶ್ನೆಗೆ ಸಂವಿಧಾನದಲ್ಲಿಯೇ ಉತ್ತರವಿದೆ. ಕಾನೂನಿನ ಮೂಲಕ ಸಂಸತ್ತು ಒಪ್ಪದೆ ಸರ್ಕಾರದ ಮುಖ್ಯ ಖಜಾನೆಯಾದ ಸಂಚಿತ ನಿಧಿಯಿಂದ ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ ಎನ್ನುತ್ತದೆ 114ನೇ ವಿಧಿ. ಯುದ್ಧಕ್ಕೆ ಬಜೆಟ್ ಸಾಲದೆ ಹೋದರೆ 115ನೇ ವಿಧಿಯಂತೆ ಪೂರಕ ಅಂದಾಜು ಹಿಡಿದು ಸರ್ಕಾರ ಅದೇ ಸದನದ ಮುಂದೆ ಬರಬೇಕು. 2025-26ರ ಬಜೆಟ್‌ನಲ್ಲಿ ರಕ್ಷಣೆಗೆ ಇಟ್ಟ 6.81 ಲಕ್ಷ ಕೋಟಿ ರೂಪಾಯಿಯನ್ನು ಮಂಜೂರು ಮಾಡಿದ್ದು ಸಂಸತ್ತು. ಹಣ ಕೊಟ್ಟ ಸದನ ಖರ್ಚಿನ ಲೆಕ್ಕ ಕೇಳುವುದರಲ್ಲಿ ಯಾರ ದಾಕ್ಷಿಣ್ಯವೂ ಇಲ್ಲ.

ಇನ್ನು ‘ಯುದ್ಧದ ಸಮಯ’ ಎಂಬ ಮಾತು. ಇದು ಕೇಳುವಷ್ಟು ಚಿಕ್ಕ ಅವಧಿಯಲ್ಲ. ಚೀನಾ ಆಕ್ರಮಣದ ವೇಳೆ 1962ರ ಅಕ್ಟೋಬರ್ 26ರಂದು ತುರ್ತುಪರಿಸ್ಥಿತಿ ಘೋಷಣೆಯಾಯಿತು. ನವೆಂಬರ್ 21ಕ್ಕೆ ಗುಂಡಿನ ಸದ್ದು ನಿಂತಿತು. ಘೋಷಣೆಯನ್ನು ಹಿಂತೆಗೆದುಕೊಂಡದ್ದು 1968ರ ಜನವರಿಯಲ್ಲಿ. ಬಾಂಗ್ಲಾ ಯುದ್ಧ 1971ರ ಡಿಸೆಂಬರ್‌ನಲ್ಲಿ ಹದಿಮೂರು ದಿನದಲ್ಲಿ ಮುಗಿಯಿತು. ಡಿಸೆಂಬರ್ 3ರಂದು ಹೊರಡಿಸಿದ್ದ ಬಾಹ್ಯ ಆಕ್ರಮಣದ ಘೋಷಣೆ ರದ್ದಾದದ್ದು 1977ರ ಮಾರ್ಚ್‌ನಲ್ಲಿ. ಅಂದರೆ ಕಾಗದದ ಮೇಲಿನ ಯುದ್ಧ ಎರಡು ಸಲವೂ ಐದು ವರ್ಷ ದಾಟಿತು. ಅಲ್ಲಿಯವರೆಗೂ ಬಾಯಿ ಮುಚ್ಚಿಕೊಂಡಿರಿ ಎನ್ನುವುದಾದರೆ ಒಂದು ಲೋಕಸಭೆಯ ಪೂರ್ತಿ ಅವಧಿಯೇ ಕಳೆದುಹೋಗುತ್ತದೆ. ಕಾರ್ಗಿಲ್‌ನಲ್ಲಾಗಲಿ 2025ರಲ್ಲಾಗಲಿ ಅಂಥ ಘೋಷಣೆ ಆಗಲೇ ಇಲ್ಲ. ಆದ್ದರಿಂದ ನಿಮ್ಮ ಸಂಘದ ಸಭೆಯಲ್ಲಿ ಮಾತನಾಡಿದವರು ಯಾವ ಕಾನೂನನ್ನು ನೆನೆದು ಹಾಗೆಂದರೋ ತಿಳಿಯದು.

ನಮ್ಮ ಜಿಲ್ಲೆಯವರು ಮರೆಯಬಾರದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. 1978ರ ನವೆಂಬರ್‌ನಲ್ಲಿ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದ ಉಪಚುನಾವಣೆ ನಡೆಯಿತು. ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಸ್ಥಾನದಲ್ಲಿ ಇಂದಿರಾ ಗಾಂಧಿಯವರು ನಿಂತು, ವೀರೇಂದ್ರ ಪಾಟೀಲರನ್ನು 70 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಆ ಚುನಾವಣೆಯ ಗದ್ದಲ, ಗೋಡೆಬರಹ, ಜೀಪುಗಳ ಧೂಳು ನಮ್ಮ ಹಿರಿಯರಿಗೆಲ್ಲ ನೆನಪಿದೆ. ಆದರೆ ಗೆದ್ದ ಎರಡು ತಿಂಗಳೊಳಗೆ, ಡಿಸೆಂಬರ್ 19ರಂದು, ಲೋಕಸಭೆ ಅವರನ್ನು ಉಚ್ಚಾಟಿಸಿ ಅಧಿವೇಶನ ಮುಗಿಯುವವರೆಗೆ ಜೈಲಿಗೆ ಕಳುಹಿಸಿತಲ್ಲ, ಯಾಕೆ ಎಂದು ಕೇಳಿದರೆ ಹೆಚ್ಚಿನವರು ತುರ್ತುಪರಿಸ್ಥಿತಿಯ ಅತಿರೇಕಗಳಿಗಾಗಿ ಎನ್ನುತ್ತಾರೆ. ಅಲ್ಲ. ಅದರ ಬುಡದಲ್ಲಿ ಇದ್ದದ್ದು ಒಂದು ಸಂಸದೀಯ ಪ್ರಶ್ನೆ. ಇಂದಿರಾ ಅವರ ಮಗ ಸಂಜಯ್ ಗಾಂಧಿಯವರ ಕಾರು ಕಂಪನಿ ಮಾರುತಿ ಲಿಮಿಟೆಡ್ ಬಗ್ಗೆ 1975ರಲ್ಲಿ ಲೋಕಸಭೆಯಲ್ಲಿ ಕೇಳಿದ್ದ ಪ್ರಶ್ನೆಗೆ ಉತ್ತರ ಸಿದ್ಧಪಡಿಸಲು ನಾಲ್ವರು ಅಧಿಕಾರಿಗಳು ಮಾಹಿತಿ ಕೂಡಿಸುತ್ತಿದ್ದರು. ಅವರಿಗೆ ಅಡ್ಡಿಪಡಿಸಿ, ಬೆದರಿಸಿ, ಸುಳ್ಳು ಮೊಕದ್ದಮೆ ಹಾಕಿಸಲಾಯಿತು, ಇದು ಸದನದ ಹಕ್ಕುಚ್ಯುತಿ ಎಂದು ಹಕ್ಕುಬಾಧ್ಯತಾ ಸಮಿತಿ ತೀರ್ಮಾನಿಸಿತ್ತು. ಮುಂದಿನ ಲೋಕಸಭೆ 1981ರ ಮೇ 7ರಂದು ಆ ಉಚ್ಚಾಟನೆಯ ನಿರ್ಣಯವನ್ನು ರದ್ದುಗೊಳಿಸಿತು ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಶಿಕ್ಷೆ ಸರಿಯೋ ತಪ್ಪೋ ಎಂಬ ವಾದ ಇಂದಿಗೂ ಇದೆ. ನನಗೆ ಮುಖ್ಯವಾಗಿ ಕಾಣುವುದು ಬೇರೆಯೇ. ಪ್ರಶ್ನೆಯನ್ನು ಕೇಳುವ ಸಂಸದರಿಗೆ ಇರುವ ರಕ್ಷಣೆ, ಉತ್ತರಕ್ಕಾಗಿ ಕಡತ ಹುಡುಕುವ ಗುಮಾಸ್ತನ ಮೇಜಿನವರೆಗೂ ಚಾಚಿದೆ ಎಂದು ಸದನ ಅಂದು ಭಾವಿಸಿತ್ತು. ಅಂಥ ಪ್ರಶ್ನೆ ಕೇಳಿದ 1975ರಲ್ಲಿ, ಕಾಗದದ ಮೇಲೆ, 1971ರ ಯುದ್ಧದ ಘೋಷಣೆ ಜಾರಿಯಲ್ಲೇ ಇತ್ತು.

ಈಗ ಯುದ್ಧದ ಖರೀದಿಗಳಿಗೆ ಬರೋಣ. ಸ್ವತಂತ್ರ ಭಾರತದ ಮೊದಲ ದೊಡ್ಡ ಖರೀದಿ ವಿವಾದವೇ ಯುದ್ಧದ ನಡುವೆ ಹುಟ್ಟಿದ್ದು. 1948ರಲ್ಲಿ ಕಾಶ್ಮೀರದಲ್ಲಿ ಕಾಳಗ ನಡೆಯುತ್ತಿದ್ದಾಗ ಲಂಡನ್ನಿನ ನಮ್ಮ ಹೈಕಮಿಷನ್ ಸೇನೆಗೆ ಹಳೆಯ ಜೀಪುಗಳನ್ನು ದುರಸ್ತಿ ಮಾಡಿಸಿ ತರಿಸುವ ಒಪ್ಪಂದ ಮಾಡಿಕೊಂಡಿತು. ಹೈಕಮಿಷನರ್ ವಿ.ಕೆ. ಕೃಷ್ಣ ಮೆನನ್. ಬಂದು ಇಳಿದದ್ದು 155 ಜೀಪು. ಅವೂ ಬಳಕೆಗೆ ಬಾರದವು. ಸಂಸತ್ತಿನಲ್ಲಿ ಪ್ರಶ್ನೆಗಳೆದ್ದವು, ಸರ್ಕಾರದ ಖರ್ಚನ್ನು ಪರಿಶೀಲಿಸುವ ಸಂಸದರ ಲೆಕ್ಕಪತ್ರ ಸಮಿತಿ ಟೀಕಿಸಿತು. 1955ರ ಸೆಪ್ಟೆಂಬರ್‌ನಲ್ಲಿ ಗೃಹ ಮಂತ್ರಿ ಗೋವಿಂದ ವಲ್ಲಭ ಪಂತರು ಈ ಪ್ರಕರಣ ಮುಗಿದಿದೆ ಎಂದು ಸಾರಿದರು. ಯಾವ ನ್ಯಾಯಾಲಯವೂ ಮೆನನ್ ಅವರನ್ನು ತಪ್ಪಿತಸ್ಥರೆಂದು ಹೇಳಿಲ್ಲ. ಕಾಶ್ಮೀರದ ಹಿಮದಲ್ಲಿ ವಾಹನಕ್ಕಾಗಿ ಕಾದಿದ್ದ ಸೈನಿಕರಿಗೆ ಜೀಪು ಸಿಗಲಿಲ್ಲ ಎಂಬುದು ಮಾತ್ರ ಅಳಿಸಲಾಗದ ಸತ್ಯ.

1962ರಲ್ಲಿ ಪ್ರಶ್ನೋತ್ತರ ವೇಳೆಯನ್ನೇ ಕೈಬಿಡಲಾಯಿತು. ಚಳಿಗಾಲದ ಅಧಿವೇಶನವನ್ನು ನಿಗದಿಗಿಂತ ಮುಂಚೆ, ನವೆಂಬರ್ 8ಕ್ಕೇ ಕರೆದರು; ಆಡಳಿತ ಪಕ್ಷ, ವಿರೋಧ ಪಕ್ಷಗಳು ಒಪ್ಪಿಕೊಂಡು ಪ್ರಶ್ನೆಗಳನ್ನು ಬಿಟ್ಟು, ಮಧ್ಯಾಹ್ನ 12ಕ್ಕೆ ಸದನ ಸೇರುವ ಏರ್ಪಾಟು ಮಾಡಿಕೊಂಡರು. ಆದರೆ ಚರ್ಚೆಯನ್ನು ಬಿಡಲಿಲ್ಲ. ಯುದ್ಧ ನಡೆಯುತ್ತಿರುವಾಗಲೇ ಲೋಕಸಭೆಯಲ್ಲಿ 165 ಸದಸ್ಯರು ಮಾತನಾಡಿದರು, ಸೇನೆಯ ಸಿದ್ಧತೆಯ ಬಗ್ಗೆ ಕಟುವಾಗಿ ಮಾತನಾಡಿದರು, ನೆಹರೂ ಕುಳಿತು ಕೇಳಿದರು. ರಹಸ್ಯ ಬೈಠಕ್‌ಗೆ ಲೋಕಸಭೆಯ ನಿಯಮಗಳಲ್ಲಿ ಅವಕಾಶವಿದೆ, 248ನೇ ನಿಯಮ. ಆಗಲೂ ಅದರ ಮೊರೆ ಹೋಗಲಿಲ್ಲ.

ಕಾರ್ಗಿಲ್‌ನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಿಮ್ಮ ಪ್ರಶ್ನೆಗೆ ಅದೇ ಅತ್ಯಂತ ಹತ್ತಿರದ್ದು.

ಅದಕ್ಕೂ ಮೊದಲು ನಾನೇ ಕಂಡ ಒಂದು ಕಡತ. ಕೆಲಸಕ್ಕೆ ಸೇರಿ ಕೆಲವೇ ವರ್ಷವಾಗಿತ್ತು. ಒಂದು ಉಗ್ರಾಣದಲ್ಲಿ ಚಳಿ ಪ್ರದೇಶದ ಬೂಟುಗಳ ಖರೀದಿಯನ್ನು ಪರಿಶೀಲಿಸುತ್ತಿದ್ದೆ. ಸರಬರಾಜು ಆದೇಶದ ಮೇಲೆ ‘ತುರ್ತು’ ಎಂಬ ಕೆಂಪು ಮೊಹರು. ತುರ್ತು ಎಂಬ ಕಾರಣಕ್ಕೆ ಟೆಂಡರ್ ಕರೆದಿರಲಿಲ್ಲ, ಒಬ್ಬನೇ ಸರಬರಾಜುದಾರ, ದರ ಹಿಂದಿನ ಸಲಕ್ಕಿಂತ ಹೆಚ್ಚು. ಅಲ್ಲಿಯವರೆಗೆ ಎಲ್ಲಕ್ಕೂ ಸಮಜಾಯಿಷಿ ಇತ್ತು. ಕೊನೆಯ ಹಾಳೆ ಸಾಮಗ್ರಿ ಮುಟ್ಟಿದ್ದಕ್ಕೆ ಸ್ವೀಕೃತಿ ಚೀಟಿ. ತಿಂಗಳ ಅಂಕೆಯ ಜಾಗದಲ್ಲಿ ಕಾಗದ ಸ್ವಲ್ಪ ಒರಟಾಗಿತ್ತು, ಬೆರಳಿಗೆ ಸಿಕ್ಕಿತು. ಕಿಟಕಿಯ ಬೆಳಕಿಗೆ ಹಿಡಿದೆ. ಮೇಲೆ ಬರೆದಿದ್ದದ್ದು 11. ಅದರ ಕೆಳಗೆ, ಬ್ಲೇಡಿನಿಂದ ಕೆರೆದ ಜಾಗದಲ್ಲಿ, ನಸುವಾಗಿ 4 ಕಾಣುತ್ತಿತ್ತು. ನವೆಂಬರ್‌ನ ಚಳಿಗೆ ಎಂದು ಟೆಂಡರ್ ಬಿಟ್ಟು ಕೊಂಡ ಬೂಟು ಬಂದದ್ದು ಏಪ್ರಿಲ್‌ನಲ್ಲಿ. ಆ ಚಳಿಗಾಲವನ್ನು ಹುಡುಗರು ಹಳೆಯ ಬೂಟಿನಲ್ಲೇ ಕಳೆದಿದ್ದರು. ಅಂದಿನಿಂದ ಯಾವ ತುರ್ತು ಖರೀದಿಯ ಕಡತ ತೆರೆದರೂ ಮೊತ್ತಕ್ಕಿಂತ ಮೊದಲು ನನ್ನ ಕಣ್ಣು ಹೋಗುತ್ತಿದ್ದುದು ದಿನಾಂಕದ ಮೇಲೆ.

ಕಾರ್ಗಿಲ್ ಯುದ್ಧ ನಡೆದದ್ದು 1999ರ ಮೇಯಿಂದ ಜುಲೈವರೆಗೆ. ಆಗ ಲೋಕಸಭೆಯೇ ಇರಲಿಲ್ಲ, ಏಪ್ರಿಲ್‌ನಲ್ಲಿ ವಿಸರ್ಜನೆಯಾಗಿತ್ತು. ರಾಜ್ಯಸಭೆಯ ವಿಶೇಷ ಅಧಿವೇಶನ ಕರೆಯಿರಿ ಎಂದು ವಿರೋಧ ಪಕ್ಷಗಳು ಕೇಳಿದವು, ಸರ್ಕಾರ ಕರೆಯಲಿಲ್ಲ. ಹೀಗಾಗಿ ತುರ್ತು ಖರೀದಿಯ ಆದೇಶಗಳು ಹೊರಟ ಆ ವಾರಗಳಲ್ಲಿ ಒಂದೇ ಒಂದು ಪ್ರಶ್ನೆಯನ್ನೂ ಸದನದಲ್ಲಿ ಕೇಳಲು ದಾರಿ ಇರಲಿಲ್ಲ. 2001ರ ಡಿಸೆಂಬರ್‌ನಲ್ಲಿ ಮಹಾಲೇಖಪಾಲರ (ಸಿಎಜಿ) ವರದಿ ಸಂಸತ್ತಿನಲ್ಲಿ ಮಂಡನೆಯಾಯಿತು. ಕಾರ್ಗಿಲ್ ಕಾರ್ಯಾಚರಣೆಯಾದ ಆಪರೇಷನ್ ವಿಜಯ್‌ಗೆಂದು ಮಾಡಿದ ಸುಮಾರು 2,175 ಕೋಟಿ ರೂಪಾಯಿಯ ಖರೀದಿಯಲ್ಲಿ 1,762 ಕೋಟಿಯಷ್ಟರ ಸಾಮಗ್ರಿ ಒಂದೋ ಯುದ್ಧ ನಿಂತ ಮೇಲೆ ಬಂದಿತ್ತು, ಇಲ್ಲವೇ ಅದರ ಒಪ್ಪಂದವೇ ಯುದ್ಧ ನಿಂತ ಮೇಲೆ ಆಗಿತ್ತು. ಯುದ್ಧಕ್ಕಾಗಿ ನಿಯಮ ಸಡಿಲಿಸಿ ಕೊಂಡ ವಸ್ತುಗಳಲ್ಲಿ ಹೆಚ್ಚಿನವು ಯುದ್ಧಕ್ಕೆ ಒದಗಲಿಲ್ಲ.

ಆದರೆ ದೇಶ ಮಾತನಾಡಿದ್ದು ಶವಪೆಟ್ಟಿಗೆಯ ಬಗ್ಗೆ. ಅಮೆರಿಕದಿಂದ ತರಿಸಿದ ಅಲ್ಯೂಮಿನಿಯಂ ಪೆಟ್ಟಿಗೆಗಳ ದರ, ತೂಕ ಎಲ್ಲವೂ ಆ ವರದಿಯಲ್ಲಿದ್ದವು. ಮಡಿದ ಸೈನಿಕರ ಹೆಸರು ತಳುಕು ಹಾಕಿಕೊಂಡದ್ದರಿಂದ ಅದು ಮನೆ ಮನೆಯ ಮಾತಾಯಿತು, ಸದನಗಳು ದಿನಗಟ್ಟಲೆ ನಡೆಯಲಿಲ್ಲ. ಆ ಪ್ರಕರಣದಲ್ಲಿ ಆರೋಪ ಹೊತ್ತ ಸೇನಾಧಿಕಾರಿಗಳನ್ನು ವಿಶೇಷ ನ್ಯಾಯಾಲಯ 2013ರಲ್ಲಿ ಆರೋಪಮುಕ್ತಗೊಳಿಸಿತು. 1,762 ಕೋಟಿಯ ಆ ದಿನಾಂಕಗಳ ಬಗ್ಗೆ ಅಷ್ಟು ಗಟ್ಟಿಯಾಗಿ ಕೂಗಿದವರನ್ನು ನಾನು ಕಾಣಲಿಲ್ಲ. ಲೆಕ್ಕಪತ್ರ ಸಮಿತಿ ಇದೇ ಖರೀದಿಗಳ ಕುರಿತ ಕೇಂದ್ರ ವಿಚಕ್ಷಣಾ ಆಯೋಗದ ವರದಿಯನ್ನು ಕೇಳಿದಾಗ, ರಹಸ್ಯ ಎಂದು ಹೇಳಿ ಸರ್ಕಾರ ಕೊಡಲಿಲ್ಲ. ಇಪ್ಪತ್ತು ವರ್ಷದ ಮೇಲೂ ಇದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ. ಸಮಿತಿಯಲ್ಲಿ ಎರಡೂ ಸದನಗಳ 22 ಸದಸ್ಯರಿರುತ್ತಾರೆ, ಎಲ್ಲ ಪಕ್ಷದವರೂ ಇರುತ್ತಾರೆ. ಅವರನ್ನು ನಂಬದೆ ಇನ್ನಾರನ್ನು ನಂಬುವುದು?

ಲೆಕ್ಕ ಕೇಳಿದರೆ ಯುದ್ಧಕ್ಕೆ ಹಿನ್ನಡೆಯಾಗುತ್ತದೆ ಎನ್ನುವವರಿಗೆ ಹೇಳಲು ಹೊರದೇಶದ ಎರಡು ಉದಾಹರಣೆ ಸಾಕು. ಅಮೆರಿಕದಲ್ಲಿ 1941ರ ಮಾರ್ಚ್‌ನಲ್ಲಿ ಮಿಸೌರಿಯ ಸೆನೆಟರ್ ಹ್ಯಾರಿ ಟ್ರೂಮನ್ ಅವರ ನೇತೃತ್ವದಲ್ಲಿ ರಕ್ಷಣಾ ಗುತ್ತಿಗೆಗಳನ್ನು ಪರಿಶೀಲಿಸುವ ಸಮಿತಿ ರಚನೆಯಾಯಿತು. ಮೊದಲು ಸಿಕ್ಕ ಹಣ ಬರೀ 15 ಸಾವಿರ ಡಾಲರ್. ಎರಡನೇ ಮಹಾಯುದ್ಧದ ಉದ್ದಕ್ಕೂ ಆ ಸಮಿತಿ ಕಾರ್ಖಾನೆಗಳಿಗೆ, ಶಿಬಿರಗಳಿಗೆ ಹೋಗಿ ಕಳಪೆ ಮಾಲು, ಉಬ್ಬಿಸಿದ ಬಿಲ್ಲುಗಳನ್ನು ಹೊರಗೆಳೆಯಿತು. ಒಂದು ಗೆರೆಯನ್ನು ಮಾತ್ರ ಟ್ರೂಮನ್ ತಾವೇ ಹಾಕಿಕೊಂಡಿದ್ದರು: ಯುದ್ಧ ಹೇಗೆ ನಡೆಸಬೇಕು ಎಂಬುದರಲ್ಲಿ ಕೈ ಹಾಕುವುದಿಲ್ಲ. ಅಂತರ್ಯುದ್ಧದ ಕಾಲದಲ್ಲಿ ಅಂಥದೇ ಒಂದು ಸಮಿತಿ ಸೇನಾಪತಿಗಳಿಗೆ ಪಾಠ ಹೇಳಹೊರಟು ಲಿಂಕನ್ ಅವರಿಗೆ ತಲೆನೋವಾಗಿದ್ದನ್ನು ಅವರು ಓದಿ ತಿಳಿದಿದ್ದರು. ಇನ್ನೊಂದು ಮೊನ್ನೆ ಮೊನ್ನೆಯದು. ಉಕ್ರೇನ್‌ನಲ್ಲಿ 2023ರ ಜನವರಿಯಲ್ಲಿ, ರಾಜಧಾನಿಯ ಮೇಲೆ ಕ್ಷಿಪಣಿ ಬೀಳುತ್ತಿದ್ದಾಗಲೇ, ಸೈನಿಕರ ಊಟದ ಗುತ್ತಿಗೆಯಲ್ಲಿ ಮೊಟ್ಟೆಯೊಂದಕ್ಕೆ 17 ಹ್ರಿವ್ನಿಯಾ ದರ ಹಾಕಿದ್ದನ್ನು ಪತ್ರಕರ್ತರು ಬಯಲಿಗೆಳೆದರು. ಅಂಗಡಿಯಲ್ಲಿ ಅದು 7ರ ಆಸುಪಾಸು. ಅಲ್ಲಿನ ಸಂಸತ್ತು ಅವರನ್ನು ದ್ರೋಹಿಗಳೆನ್ನಲಿಲ್ಲ. ಯುದ್ಧ ನಡೆಯುತ್ತಿರುವಾಗಲೇ ಇಂಥ ಖರೀದಿಗಳ ದರ ಪ್ರಕಟಿಸಬೇಕೆಂದು ಕಾನೂನು ತಿದ್ದಿತು. ಮೊಟ್ಟೆಯ ದರ ಶತ್ರುವಿಗೆ ತಿಳಿದರೆ ಆಗುವ ನಷ್ಟವೇನು?

ಟ್ರೂಮನ್ ಹಾಕಿಕೊಂಡ ಗೆರೆ ನಮಗೂ ಬೇಕು. ಮಂತ್ರಿಗಳು ದೇಶದ ಭದ್ರತೆಯ ಹಿತದೃಷ್ಟಿಯಿಂದ ವಿವರ ಕೊಡಲಾಗದು ಎನ್ನಬಹುದು, ಸಭಾಧ್ಯಕ್ಷರು ಬಲವಂತ ಮಾಡುವುದಿಲ್ಲ. ಯಾವ ಠಾಣೆಯಲ್ಲಿ ಎಷ್ಟು ಡ್ರೋನ್ ಇದೆ, ರೇಡಾರ್ ಎಷ್ಟು ದೂರ ನೋಡುತ್ತದೆ ಎಂದು ಕೇಳಿದರೆ ಆ ಉತ್ತರ ಬರುವುದು ನ್ಯಾಯವೇ. ಅದನ್ನು ಕೇಳಲೂಬಾರದು. ಆದರೆ ನಿಮ್ಮ ವಿಷಯದಲ್ಲಿ ಸರ್ಕಾರವೇ ಅರ್ಧ ಉತ್ತರ ಹೇಳಿಬಿಟ್ಟಿದೆ. 2025ರ ಜೂನ್ 24ರಂದು ರಕ್ಷಣಾ ಸಚಿವಾಲಯ ತಾನೇ ಪ್ರಕಟಣೆ ಹೊರಡಿಸಿತು: ತುರ್ತು ಖರೀದಿಯಡಿ 13 ಒಪ್ಪಂದ, ಮೊತ್ತ 1,981.90 ಕೋಟಿ ರೂಪಾಯಿ. ಡ್ರೋನ್ ಪತ್ತೆ ವ್ಯವಸ್ಥೆ, ಹಗುರ ರೇಡಾರ್, ಗುಂಡುನಿರೋಧಕ ಜಾಕೆಟ್, ಹೆಲ್ಮೆಟ್, ಬಂದೂಕಿನ ರಾತ್ರಿ ದೂರದರ್ಶಕ ಎಂದು ಪಟ್ಟಿಯನ್ನೂ ಕೊಟ್ಟಿತು. ಕೊಂಡೆವು ಎಂದು ಸಾರಿ ಹೇಳಬಹುದಾದರೆ, ಬಂದವೇ ಎಂದು ಕೇಳಲೂಬಹುದು.

ಕೇಳುವ ಬಗೆ ಹೀಗಿದೆ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ರಹಿತ ಪ್ರಶ್ನೆ. ಚುಕ್ಕೆ ಗುರುತಿನದಕ್ಕೆ ಮಂತ್ರಿ ಎದ್ದು ನಿಂತು ಉತ್ತರಿಸಬೇಕು, ಉಪಪ್ರಶ್ನೆ ಹಾಕಬಹುದು. ಉಳಿದದ್ದಕ್ಕೆ ಲಿಖಿತ ಉತ್ತರ. ಟಿವಿಯಲ್ಲಿ ಕಾಣುವುದು ಮೊದಲನೆಯದು, ಹಾಗಾಗಿ ಎಲ್ಲರಿಗೂ ಅದೇ ಬೇಕು. ಅಂಕಿ ಅಂಶ ಬೇಕಾದವರಿಗೆ ಎರಡನೆಯದೇ ಮೇಲು ಎಂಬುದು ನನ್ನ ಅನುಭವ. ಗಲಾಟೆಯಲ್ಲಿ ಸದನ ಮುಂದೂಡಿದರೂ ಲಿಖಿತ ಉತ್ತರ ಬಂದೇ ಬರುತ್ತದೆ. ಸಂಸದರು 15 ದಿನ ಮುಂಚೆ ಸೂಚನೆ ಕೊಡಬೇಕು, ಸರದಿಯನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ, ಪ್ರಶ್ನೆ 150 ಪದ ಮೀರಬಾರದು. ನೀವು ಬರೆದು ಕೊಡಬೇಕಾದದ್ದು ಇಷ್ಟು:

(ಎ) 2025ರ ಜೂನ್‌ನಲ್ಲಿ ಪ್ರಕಟಿಸಿದ ತುರ್ತು ಖರೀದಿಯ 13 ಒಪ್ಪಂದಗಳಲ್ಲಿ ಕರಾರಿನ ಅವಧಿಯೊಳಗೆ ಸರಬರಾಜು ಪೂರ್ಣಗೊಂಡವು ಎಷ್ಟು; (ಬಿ) ತಡವಾದವು ಎಷ್ಟು, ಎಷ್ಟು ದಿನ; (ಸಿ) ತಡವಾದದ್ದಕ್ಕೆ ಸರಬರಾಜುದಾರರಿಂದ ವಸೂಲಿ ಮಾಡಿದ ದಂಡದ ಮೊತ್ತ ಎಷ್ಟು; (ಡಿ) ಗುಂಡುನಿರೋಧಕ ಜಾಕೆಟ್‌ಗಳಲ್ಲಿ ಪರೀಕ್ಷೆಯಲ್ಲಿ ತಿರಸ್ಕೃತವಾದವು ಇವೆಯೇ; (ಇ) ಒಬ್ಬನೇ ಸರಬರಾಜುದಾರನ ದರ ಒಪ್ಪಿ ಮಾಡಿಕೊಂಡ ಒಪ್ಪಂದಗಳು ಎಷ್ಟು, ಅದಕ್ಕೆ ಕಾರಣವೇನು?

ಇದರಲ್ಲಿ ಯಾವ ಪಡೆ ಎಲ್ಲಿದೆ ಎಂಬ ಒಂದು ಅಕ್ಷರವೂ ಇಲ್ಲ ನೋಡಿ. ‘ಹೌದೇ’ ಎಂದು ಕೇಳುವ ಪ್ರಶ್ನೆಯಿಂದ ಶುರುಮಾಡಬೇಡಿ. ‘ಇಲ್ಲ’ ಎಂದು ಉತ್ತರಿಸಿ, ಉಳಿದವಕ್ಕೆಲ್ಲ ‘ಉದ್ಭವಿಸುವುದಿಲ್ಲ’ ಎಂದು ಗೆರೆ ಎಳೆಯುವುದು ಕಚೇರಿಗಳ ಹಳೆಯ ಅಭ್ಯಾಸ. ‘ಎಷ್ಟು’ ಎಂದು ಕೇಳಿ.

ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ನೀವೇ ಕೇಳಬಹುದು, ಆದರೆ 8ನೇ ಪ್ರಕರಣದ ಭದ್ರತೆಯ ವಿನಾಯಿತಿಯನ್ನು ತೋರಿಸಿ ತಿರಸ್ಕರಿಸುವುದು ಅಲ್ಲಿ ಸುಲಭ. ನಾನು ಸಂಸದರ ದಾರಿಯನ್ನೇ ಮೊದಲು ಹಿಡಿಯಿರಿ ಎನ್ನುತ್ತೇನೆ. ಮೂಡಿಗೆರೆಯವರಾದ ನಿಮಗೆ ಉಡುಪಿ-ಚಿಕ್ಕಮಗಳೂರು ಕ್ಷೇತ್ರದ ಸಂಸದರು. ಕಡೂರಿನ ಓದುಗರು ಇದನ್ನು ಓದುತ್ತಿದ್ದರೆ, ನಿಮ್ಮದು ಚಿಕ್ಕಮಗಳೂರು ಜಿಲ್ಲೆಯಾದರೂ ಲೋಕಸಭೆಗೆ ನೀವು ಹಾಸನದವರು. ಪತ್ರ ಅಲ್ಲಿಗೆ ಹೋಗಬೇಕು. ಸಂಸದರು ಯಾವ ಪಕ್ಷದವರು ಎಂದು ನೋಡಿ ಹಿಂಜರಿಯಬೇಡಿ. ಆಡಳಿತ ಪಕ್ಷದ ಸದಸ್ಯರೂ ಮಂತ್ರಿಯಲ್ಲದಿದ್ದರೆ ಪ್ರಶ್ನೆ ಕೇಳಬಹುದು, ಕೇಳುತ್ತಾರೆ ಕೂಡ. ಸಂಘದ ಇತರ ಹೆಣ್ಣುಮಕ್ಕಳ ಸಹಿಯನ್ನೂ ಹಾಕಿಸಿ. ಮಗನ ಹೆಸರು, ಅವನ ಘಟಕ, ಅವನಿರುವ ಜಾಗ ಯಾವುದನ್ನೂ ಬರೆಯಬೇಡಿ. ಸೇನೆಯ ನಿಯಮಗಳಿಂದ ಅವನಿಗೆ ತೊಂದರೆಯಾಗಬಾರದು. ಅವನು ನಿಮಗೆ ಫೋನಿನಲ್ಲಿ ಹೇಳಿದ ಮಾತನ್ನೂ ಪತ್ರದಲ್ಲಿ ತರಬೇಡಿ. ಸಚಿವಾಲಯದ ಪ್ರಕಟಣೆ ಒಂದೇ ಆಧಾರ ಸಾಕು.

ಪತ್ರವನ್ನು ಸ್ಪೀಡ್ ಪೋಸ್ಟ್ ಅಂಚೆಯಲ್ಲಿ ಕಳುಹಿಸಿ, ಪ್ರತಿಯೊಂದನ್ನು ಇಟ್ಟುಕೊಳ್ಳಿ. ‘ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಮಂಡಿಸಲಾಗುವುದು’ ಎಂಬ ಉತ್ತರ ಬಂದರೆ ಬೇಸರಪಡಬೇಡಿ. ಸಂಸತ್ತಿನ ಲೆಕ್ಕದಲ್ಲಿ ಅದು ಭರವಸೆ. ಮೂರು ತಿಂಗಳಲ್ಲಿ ಈಡೇರಿಸಬೇಕು, ಇಲ್ಲವಾದರೆ ಸರ್ಕಾರಿ ಭರವಸೆಗಳ ಸಮಿತಿ ಸಚಿವಾಲಯವನ್ನು ವಿಚಾರಿಸುತ್ತದೆ. ಉತ್ತರ ಬಂದ ದಿನ ನನಗೂ ಒಂದು ಪ್ರತಿ ಕಳುಹಿಸಿಕೊಡಿ. ಮೂರು ತಿಂಗಳು ದಾಟಿದರೆ ಆ ಸಮಿತಿಗೆ ಬರೆಯಬೇಕಾದ ಪತ್ರದ ಕರಡನ್ನು ನಾನೇ ಮಾಡಿಕೊಡುತ್ತೇನೆ.